ದಾನಮ್ಮ ಸಾರಿಸಿದ ಕೋರ್ಟು

ದಾನಮ್ಮ ಇಪ್ಪತ್ತೆಂಟು ವರ್ಷ ಹಿಂದಕ್ಕೆ ನಡೆದೇ ಹೊಟ್ಟೆ ಹೊರೆದವಳು. ಮಾತಿನ ಚಮತ್ಕಾರಕ್ಕೆ ಹೇಳುತ್ತಿಲ್ಲ, ಅವಳ ಕೆಲಸವೇ ಅಂಥದ್ದು. ಬೀದರದಲ್ಲಿ ಕೋಟೆಯ ಕಡೆಗೆ ಹೋಗುವ ರಸ್ತೆಯಲ್ಲಿ ಒಂದು ಹಳೆಯ ಕ್ಲಬ್ಬು, ಅದರ ಹಿಂದೆ ಒಂದೇ ಒಂದು ಟೆನಿಸ್ ಕೋರ್ಟು. ಸಿಮೆಂಟಲ್ಲ, ಡಾಂಬರಲ್ಲ, ಊರಿನ ಕೆಂಪು ಮಣ್ಣನ್ನೇ ಜರಡಿ ಹಿಡಿದು ಹಾಸಿ ರೋಲರ್ ಎಳೆದು ಮಾಡಿದ್ದು. ಎಂಟು ದಿನಕ್ಕೊಮ್ಮೆ ಅದಕ್ಕೆ ಸಗಣಿ ಸಾರಿಸದಿದ್ದರೆ ಧೂಳೆದ್ದು ಆಡುವವರು ಆಟ ಬಿಟ್ಟು ಕೆಮ್ಮುತ್ತ ಕೂರಬೇಕಾಗುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಆಚೆಯ ಮೂಲೆಯಿಂದ ಶುರು. ಸಗಣಿ ನೀರು ಸುರಿಯುವುದು, ಉದ್ದ ಕಸಬರಿಗೆಯಿಂದ ಎಳೆಯುವುದು, ಹಿಂದೆ ಸರಿಯುವುದು. ಹೊತ್ತು ಮುಳುಗುವ ವೇಳೆಗೆ ಗೇಟು ಮುಟ್ಟಿ, ಕಡೆಯ ಮೊಳದಷ್ಟು ಜಾಗವನ್ನು ಹೊರಗೆ ಕೂತು ಕೈ ಚಾಚಿ ಅಂಗೈಯಿಂದ ಬಳಿದರೆ ಮುಗಿಯಿತು. ಅಷ್ಟಗಲದ ನೆಲದಲ್ಲಿ ಸಾರಿಸಿದವಳ ಒಂದು ಹೆಜ್ಜೆಯೂ ಉಳಿಯಬಾರದು. ಇದು ಅವಳಿಗೆ ಯಾರೋ ಹಾಕಿಕೊಟ್ಟ ನಿಯಮವಲ್ಲ, ಅವಳ ಜಂಬ. ಔರಾದ ಕಡೆಯ ಕಪ್ಪು ಮಣ್ಣಿನ ಹಳ್ಳಿಯಿಂದ ಮದುವೆಯಾಗಿ ಬಂದವಳು. ಕ್ಲಬ್ಬಿನಲ್ಲಿ ರೋಲರ್ ಎಳೆಯುತ್ತಿದ್ದ ಗಂಡ ಕಾಮಾಲೆಯಾಗಿ ತೀರಿಕೊಂಡ ಮೇಲೆ ಈ ಕೆಂಪು ನೆಲವೇ ಅವಳನ್ನು ಸಾಕಿತು. ಅದರ ಮೇಲೆ ಅವಳಿಗೆ ಪ್ರೀತಿಯಿತ್ತು, ಹಾಗೆಂದು ಬಾಯಿಬಿಟ್ಟು ಹೇಳುತ್ತಲೂ ಇದ್ದಳು.

ಆ ಕೋರ್ಟಿನ ಬೆಂಚಿನ ಮೇಲೆ ಎರಡು ವರ್ಷ ಒಂದೇ ಜಗಳ ನಡೆಯಿತು. ಒಂದು ಕಡೆ ಭಾಲಚಂದ್ರ ಸರ್, ಕಾಲೇಜಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ಎಪ್ಪತ್ತೆರಡರಲ್ಲೂ ದಿನಾ ಬೆಳಗಾಗುವಷ್ಟರಲ್ಲಿ ಕೋರ್ಟಿನಲ್ಲಿ ಹಾಜರು. ಇನ್ನೊಂದು ಕಡೆ ಕ್ಲಬ್ಬಿನ ಕಾರ್ಯದರ್ಶಿಯೂ ಕೋಚೂ ಆದ ಮಕರಂದ, ಕಮಲನಗರದವನು, ಸರ್ ಅವರ ಹಳೆಯ ವಿದ್ಯಾರ್ಥಿ. ಅವನಿಗೆ ಮಣ್ಣು ತೆಗೆದು ಡಾಂಬರಿನ ಹಾರ್ಡ್ ಕೋರ್ಟ್ ಮಾಡಿಸಬೇಕು. ಇವರಿಗೆ ಅದು ಬೇಡ.

"ನೆಲ ಎಲ್ಲಾ ಒಂದೇ ಆದರ ಆಟಾನೂ ಒಂದೇ ಆಗ್ತದಪಾ," ಎನ್ನುತ್ತಿದ್ದರು ಸರ್. "ಆಸ್ಟ್ರೇಲಿಯಾದವರು ಹುಲ್ಲು ಕಿತ್ತು ಹಾರ್ಡ್ ಮಾಡಿದ್ರು. ಅಮೆರಿಕಾದವರು ಹುಲ್ಲು ಬಿಟ್ಟು ಮಣ್ಣಿಗೆ ಬಂದ್ರು, ಮೂರು ವರ್ಷಕ್ಕ ಮಣ್ಣೂ ಬಿಟ್ಟರು. ಕಾರ್ಪೆಟ್ಟು ಹಾಸಿ ಆಡ್ತಿದ್ರು, ಅದನ್ನೂ ಸುತ್ತಿ ಮೂಲ್ಯಾಗ ಇಟ್ಟರು. ಮ್ಯಾಡ್ರಿಡ್‌ದಾಗ ಟಿವ್ಯಾಗ ಚಂದ ಕಾಣಲಿ ಅಂತ ಮಣ್ಣಿಗೆ ನೀಲಿ ಬಣ್ಣ ಹಚ್ಚಿದ್ರು, ಎಲ್ಲಾರೂ ಜಾರಿ ಬೈದ್ರು, ಮರುವರ್ಷ ಸುಮ್ಮನ ಕೆಂಪಿಗೇ ಬಂದ್ರು. ನಿನಗೂ ಒಂದು ಸಲ ಜಾರಿದ ಮ್ಯಾಲೇ ಬುದ್ಧಿ ಬರೋದೇನು?"

"ಅದೆಲ್ಲಾ ಖರೆ ಅದರಿ ಸರ್. ಆದ್ರ ನಾ ಕಲಿಸಿದ ಹುಡುಗಿ ಸಾನಿಕಾ ಹೈದರಾಬಾದಿಗೆ ಆಡಲಿಕ್ಕೆ ಹೋಗಿ ಮೊದಲನೇ ಸುತ್ತಿನಾಗೇ ಸೋತು ಬಂದ್ಲು. ಇಲ್ಲಿ ಚಂಡು ನಿಂತು ಬರ್ತದ, ಅಲ್ಲಿ ದಾಟಿ ಹೋದ ಮ್ಯಾಲ ಬಂದಿತ್ತು ಅಂತ ಗೊತ್ತಾಗ್ತದ. ಟೂರ್ನಮೆಂಟ್ ಎಲ್ಲಾ ಹಾರ್ಡ್ ಮ್ಯಾಲ ಇಟ್ಟಾರ, ನಾವು ಸಗಣಿ ಮ್ಯಾಲ ಕಲಿಸ್ತೀವಿ."

"ಮಣ್ಣು ಸಾಕ್ಷಿ ಹೇಳ್ತದ, ಮಕರಂದ. ಚಂಡು ಒಳಗ ಬಿತ್ತೋ ಹೊರಗ ಬಿತ್ತೋ, ಗುರುತು ಅಲ್ಲೇ ಇರ್ತದ. ನಿನ್ನ ಹಾರ್ಡ್ ಕೋರ್ಟಿಗೆ ಏನೂ ನೆನಪಿರಂಗಿಲ್ಲ."

"ಅದಕ್ಕೇ ಈಗ ಕ್ಯಾಮೆರಾ ಬಂದಾವಲ್ರಿ ಸರ್."

ಇಬ್ಬರ ಮಾತಿನಲ್ಲೂ ಹುರುಳಿತ್ತು. ದಾನಮ್ಮ ಕಸ ಗುಡಿಸುತ್ತ ಎಲ್ಲ ಕೇಳಿಸಿಕೊಂಡಳು, ಯಾರೂ ಅವಳ ಅಭಿಪ್ರಾಯ ಕೇಳಲಿಲ್ಲ. ಕೇಳಿದ್ದರೆ, ಮಣ್ಣು ಸಾಕ್ಷಿ ಹೇಳುವುದು ಚಂಡಿಗಷ್ಟೇ ಅಲ್ಲ ಎನ್ನುತ್ತಿದ್ದಳು. ಬೆಳಗಿನ ಗುರುತು ನೋಡಿಯೇ ಯಾರು ಆಡಿದ್ದಾರೆ, ಯಾರು ನಿಂತು ಹರಟೆ ಹೊಡೆದಿದ್ದಾರೆ ಎಂದು ಹೇಳಬಲ್ಲವಳು ಅವಳು. ಭಾಲಚಂದ್ರ ಸರ್ ಗುರುತಂತೂ ಊರಿಗೇ ಬೇರೆ. ಸರ್ವ್ ಮಾಡುವಾಗ ಅವರು ಬಲಗಾಲಿನ ತುದಿಯನ್ನು ನೆಲಕ್ಕೆ ಉಜ್ಜಿ ಎಳೆಯುತ್ತಿದ್ದರು. ಬೂಟು ಅಲ್ಲೇ ಸವೆಯುತ್ತದೆಂದು ಚಪ್ಪಲಿ ಹೊಲಿಯುವವನ ಕೈಲಿ ಸ್ಕೂಟರ್ ಟೈರಿನ ತುಂಡು ಹಚ್ಚಿಸಿದ್ದರು. ಹಾಗಾಗಿ ಗೀರಿನ ಒಳಗೆ ಮೂರು ಸಣ್ಣ ಗೆರೆ ಮೂಡುತ್ತಿದ್ದವು. ಸರ್ವ್ ಮಾಡುವವರ ಕಾಲು ಕೋರ್ಟಿನ ಸುಣ್ಣದ ಗೆರೆ ತುಳಿದರೆ ತಪ್ಪು ಎಂಬ ನಿಯಮವಿದೆಯಲ್ಲ, ಇಡೀ ಆಯುಷ್ಯದಲ್ಲಿ ಆ ತಪ್ಪನ್ನು ಒಮ್ಮೆಯೂ ಮಾಡಿಲ್ಲವೆಂದು ಅವರ ಹೆಮ್ಮೆ.

ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಆಡಿ ಮನೆಗೆ ಹೋಗಿ, ಚಹಾ ಕುಡಿದು, ಕುರ್ಚಿಯಲ್ಲೇ ಹೋಗಿಬಿಟ್ಟರು. ಕ್ಲಬ್ಬಿಗೆ ಮೂರು ದಿನ ಬೀಗ. ಮೂರನೆಯ ದಿನ ಸಾರಿಸುವ ವಾರ ಬಂತು. ಆಟವಿಲ್ಲದಿದ್ದರೂ ನೆಲ ಒಣಗಬಾರದೆಂದು ದಾನಮ್ಮ ಎಂದಿನಂತೆ ಸಾರಿಸಿದಳು. ಅದೇ ಸಂಜೆ ಸರ್ ಮನೆಯಲ್ಲೂ ಒಂದು ನೆಲ ಸಿದ್ಧವಾಗುತ್ತಿತ್ತು. ಸತ್ತವರನ್ನು ಮಲಗಿಸಿದ್ದ ಜಾಗದಲ್ಲಿ ಬೂದಿ ಹರವಿ, ದೀಪವಿಟ್ಟು, ಬುಟ್ಟಿ ಮುಚ್ಚಿ, ಮರುದಿನ ತೆಗೆದು ಏನು ಗುರುತು ಮೂಡಿದೆ ಎಂದು ನೋಡುವುದು ಅವರ ಮನೆತನದ ಪದ್ಧತಿ. ಹಕ್ಕಿಯ ಕಾಲೋ, ದನದ ಗೊರಸೋ ಕಂಡರೆ ಹೋದವರು ಒಮ್ಮೆ ತಿರುಗಿ ಬಂದು ಹೋದರೆಂದು ಸಮಾಧಾನ. ದಾನಮ್ಮನ ಮಂದಿ ಹೂಳುವವರು, ಅವರಲ್ಲಿ ಇದಿಲ್ಲ. ಬಾಗಿಲು ಹಾಕಿದ ಜಾಗದಲ್ಲಿ ಅಷ್ಟು ನುಣ್ಣಗೆ ನೆಲ ಬಳಿದು ಬಂದರೆ ಅದೂ ಹಾಗೆ ಹರವಿದ ಬೂದಿಯೇ ಆಗುತ್ತದೆಂದು ಅವಳಿಗೆ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಗೇಟಿನ ಬೀಗ ತೆಗೆದಳು. ಹಸಿರುಗೆಂಪು ನೆಲ ಕನ್ನಡಿಯ ಹಾಗಿತ್ತು. ಬೇಲಿಯ ಜಾಲರಿ ಎಲ್ಲೂ ಹರಿದಿರಲಿಲ್ಲ, ನಾಯಿ ಬೆಕ್ಕಿನ ಕಾಲೂ ಇರಲಿಲ್ಲ. ಆಚೆಯ ತುದಿಯಲ್ಲಿ ಮಾತ್ರ ಒಂದು ಗೀರು, ಅರ್ಧಚಂದ್ರದಂತೆ ಬಾಗಿದ ಗೇಣುದ್ದದ ಗೀರು. ಬಗ್ಗಿ ನೋಡಿದಳು. ಒಳಗೆ ಮೂರು ಗೆರೆ.

ಅದಕ್ಕೆ ಬಂದ ಹೆಜ್ಜೆಯಿಲ್ಲ, ಅಲ್ಲಿಂದ ಹೋದ ಹೆಜ್ಜೆಯೂ ಇಲ್ಲ.

ಅಷ್ಟರಲ್ಲಿ ಅಬ್ದುಲ ಖಾದರ ಸುಣ್ಣದ ಡಬ್ಬಿ ಹಿಡಿದು ಬಂದ. ನಲವತ್ತು ವರ್ಷದಿಂದ ಕೋರ್ಟಿಗೆ ಗೆರೆ ಎಳೆಯುವವನು ಅವನೇ. ಸಾರಿಸಿದ ನೆಲದಲ್ಲಿ ಹಳೆಯ ಗೆರೆ ಅಳಿಸಿಹೋಗುತ್ತದೆ, ಒಣಗಿದ ಮೇಲೆ ಹಗ್ಗ ಹಿಡಿದು ಹೊಸದಾಗಿ ಎಳೆಯಬೇಕು. ದಾನಮ್ಮ ತೋರಿಸಿದಳು. ಅವನು ನೋಡಿದ, ಹಗ್ಗ ಕಟ್ಟಿ ಗೆರೆ ಎಳೆದ. ಸುಣ್ಣದ ಗೆರೆ ಗೀರಿಗೆ ಒಂದು ಬೆರಳು ಮುಂದೆ ಬಿತ್ತು, ತಾಕಲಿಲ್ಲ.

"ಖಾದರ್ ಭಾಯಿ, ಗೆರಿ ನೀ ಈಗ ಎಳದಿ," ಎಂದಳು ದಾನಮ್ಮ. "ಅದು ಎಲ್ಲಿ ಬರ್ತದಂತ ಆ ಕಾಲಿಗೆ ಹ್ಯಾಂಗ ಗೊತ್ತಾತು?"

"ನಾ ಏನೂ ನೋಡಿಲ್ಲ ಬೆಹನ್. ನೀನೂ ನೋಡಬ್ಯಾಡ."

ಹಾಗೆಂದವನೇ ಸೊಂಟದ ಬೀಗದಕೈ ತೆಗೆದು, ಸಾಮಾನಿನ ಕೋಣೆಯ ಪೆಟ್ಟಿಗೆ ತೆರೆದ. ಸರ್ ಬೂಟುಗಳು ಅಲ್ಲೇ ಇದ್ದವು, ಅವರು ಕಡೆಯ ದಿನ ಸುತ್ತಿಟ್ಟ ಪತ್ರಿಕೆಯಲ್ಲೇ. ಲೇಸು ಕಟ್ಟಿದ್ದು ಕಟ್ಟಿದಂತಿತ್ತು. ಬಲಗಾಲಿನ ಟೈರಿನ ತುಂಡನ್ನು ದಾನಮ್ಮ ಉಗುರಿನಿಂದ ಕೆರೆದಳು. ಸಂದಿನಲ್ಲಿ ಹಸಿ ಸಗಣಿ. ಖಾದರ ಪೆಟ್ಟಿಗೆ ಮುಚ್ಚಿ, ತುಟಿಯೊಳಗೇ ಏನೋ ಓದಿಕೊಂಡು ಹೊರಗೆ ಹೋದ.

ಆಮೇಲೆ ಪ್ರತಿ ಸಾರಣೆಯ ಮರುದಿನವೂ ಗೀರು. ಒಂದಿದ್ದದ್ದು ಎರಡಾಯಿತು, ಮಾರ್ಚ್ ಮುಗಿಯುವಷ್ಟರಲ್ಲಿ ಎಂಟಾಯಿತು. ಎಲ್ಲವೂ ಒಂದೇ ತುದಿಯಲ್ಲಿ. ನೆಟ್ಟಿನ ಈಚೆಯ ಅರ್ಧ ಕೋರ್ಟು ಅವಳು ಬಳಿದಂತೆಯೇ ಇರುತ್ತಿತ್ತು. ದಾನಮ್ಮನನ್ನು ಹೆಚ್ಚು ಹೆದರಿಸಿದ್ದು ಅದೇ. ಸರ್ವ್ ಮೇಲೆ ಸರ್ವ್ ಮಾಡುತ್ತಿದ್ದಾರೆ, ತಿರುಗಿ ಹೊಡೆಯುವವರಿಲ್ಲ, ಯಾರನ್ನೋ ಕಾಯುತ್ತಿದ್ದಾರೆ. ಸಾರಿಸುವಾಗ ಅವಳ ಮುಖ ಯಾವಾಗಲೂ ಆ ತುದಿಯ ಕಡೆಗೇ ಇರುತ್ತಿತ್ತಲ್ಲ, ಈಗ ಹಾಗೆ ನೋಡುತ್ತ ಹಿಂದೆ ಸರಿಯುವುದು ಕಷ್ಟವಾಯಿತು. ಅಲ್ಲಿ ಯಾರೋ ಅವಳು ಬೇಗ ಮುಗಿಸಲಿ ಎಂದು ನಿಂತಿದ್ದಾರೆ ಅನಿಸುತ್ತಿತ್ತು.

ಕಡೆಗೆ ಮಕರಂದನನ್ನೇ ಕರೆದು ತೋರಿಸಿದಳು. ಅವನು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ.

"ಯಾರೋ ಮಷ್ಕಿರಿ ಮಾಡ್ಲಿಕತ್ತಾರ," ಎಂದ. ಆದರೆ ಎದ್ದು ಹೋಗುವಾಗ ಗೀರನ್ನು ದಾಟದೆ ಸುತ್ತು ಹಾಕಿ ಹೋದ.

ಏಪ್ರಿಲ್‌ನಲ್ಲಿ ಕಮಿಟಿ ಕೂತು ತೀರ್ಮಾನ ಮಾಡಿಯೇಬಿಟ್ಟಿತು. ಬೇಸಗೆ ರಜೆಯಲ್ಲಿ ಮಣ್ಣು ಎತ್ತಿ, ಡಾಂಬರು ಹಾಕಿ, ನೀಲಿ ಬಣ್ಣ ಬಳಿಯುವುದು. ದಾನಮ್ಮನಿಗೆ ಕ್ಲಬ್ಬಿನೊಳಗೆ ಕಸ ಗುಡಿಸುವ ಕೆಲಸ ಉಳಿಸುತ್ತೇವೆಂದು ಮಕರಂದ ತಾನೇ ಬಂದು ಹೇಳಿದ. ಅವನು ಕೆಟ್ಟವನಲ್ಲ. ದಾನಮ್ಮನಿಗೆ ತನ್ನ ಕೆಲಸದ ಚಿಂತೆಗಿಂತ ಆ ಗುರುತಿನ ಚಿಂತೆ ಹತ್ತಿತು. ಅದು ಡಾಂಬರಿನ ಕೆಳಗೆ ಹೋದರೆ ಕಾಯುವವರು ಎಲ್ಲಿ ಕಾಯಬೇಕು? ಸರ್ ಹೆಂಡತಿಗೊಂದು ಮಾತು ಹೇಳದೆ ಮುಚ್ಚುವುದು ಪಾಪ ಅನಿಸಿತು. ಮರುದಿನವೇ ಭಾಲ್ಕಿಯ ಬಸ್ಸು ಹತ್ತಿದಳು.

ಸರ್ ಹೆಂಡತಿ ಜಾನಕಿಬಾಯಿ ಈಗ ಭಾಲ್ಕಿಯಲ್ಲಿ ಮಗಳು ಭಕ್ತಿಯ ಮನೆಯಲ್ಲಿದ್ದರು. ಭಕ್ತಿ ಸಾಲಿಗೆ ಹೋಗಿದ್ದಳು, ಅವಳು ಟೀಚರು. ಜಾನಕಿಬಾಯಿ ಮಂಚದ ಮೇಲೆ ಕಾಲು ಚಾಚಿ ಕೂತಿದ್ದರು. ಮೊಣಕಾಲು ನೋವು, ಗೋಡೆ ಹಿಡಿಯದೆ ಬಚ್ಚಲಿಗೂ ಹೋಗಲಾರರು. ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿ ಕೂತಿದ್ದನ್ನು ದಾನಮ್ಮ ನೋಡಿದಳು. ಕಾಲು ನೋಡುವುದು ಅವಳಿಗೆ ರೂಢಿ.

"ಬೂದಿ ಹರವಿದ್ವಿ ದಾನಮ್ಮ," ಎಂದರು ಜಾನಕಿಬಾಯಿ, ಕೇಳುವ ಮೊದಲೇ. "ಬುಟ್ಟಿ ತೆಗದು ನೋಡಿದ್ರ ಏನೂ ಇದ್ದಿಲ್ಲ. ಒಂದು ಇರಿವಿ ಕಾಲೂ ಇಲ್ಲ. ನಲವತ್ತೇಳು ವರ್ಷ ಸಂಸಾರ ಮಾಡಿದ ಮನಿ. ಒಂದು ಸಲ ತಿರುಗಿ ನೋಡಲಿಲ್ಲ ಅವರು."

ಹೇಳುತ್ತ ಅತ್ತರು. ಎರಡು ತಿಂಗಳಿಂದ ಆ ಒಂದು ಮಾತೇ ಅವರನ್ನು ತಿನ್ನುತ್ತಿತ್ತು. ದಾನಮ್ಮನಿಗೆ ತಡೆಯಲಾಗಲಿಲ್ಲ.

"ಬಂದಾರ್ರೀ ವೈನಿ. ಮನಿಗಲ್ಲ, ಕೋರ್ಟಿಗೆ ಬಂದಾರ." ಎಂದು ಎಲ್ಲವನ್ನೂ ಹೇಳಿದಳು, ಟೈರಿನ ಮೂರು ಗೆರೆಯ ಸಮೇತ.

ಜಾನಕಿಬಾಯಿಯ ಅಳು ನಿಂತಿತು. ಹೆದರುತ್ತಾರೆಂದು ದಾನಮ್ಮ ಅಂದುಕೊಂಡಿದ್ದಳು, ಅವರಿಗೆ ಬಂದದ್ದು ಸಿಟ್ಟು.

"ಸತ್ತ ಮ್ಯಾಲೂ ಆ ಕೆಂಪು ಸವತಿ ಕಡೀಗೇ ಹೋದ್ರೇನು? ಇಷ್ಟು ವರ್ಷ ಆ ಮಣ್ಣು ಹತ್ತಿದ ಕಾಲ್ಚೀಲ ಒಗದು ಒಗದು ನನ್ನ ಉಗುರು ಕೆಂಪಾಗಿದ್ವು! ಲಗ್ನಾದ ಹೊಸದಾಗ ಒಂದು ಸಲ ಕರದಿದ್ರು, ಬಾ, ನಿನಗೂ ಆಡಲಿಕ್ಕೆ ಕಲಿಸ್ತೇನಿ ಅಂತ. ಮಂದಿ ನೋಡ್ತಾರ ಅಂತ ನಾ ನಾಚಿಕೊಂಡೆ. ಮತ್ತ ಕರೀಲೇ ಇಲ್ಲ. ನಾನೂ ಆ ಗೇಟು ದಾಟಲಿಲ್ಲ."

"ಮುಂದಿನ ವಾರ ಮಣ್ಣು ತೆಗೀತಾರ್ರಿ. ಒಂದು ಸಲ ಬಂದು ನೋಡ್ರಿ ವೈನಿ."

"ನಾ ಬರಂಗಿಲ್ಲ. ಬೇಕಾದ್ರ ಅವರೇ ಇಲ್ಲಿಗೆ ಬರಲಿ."

ಸಿಟ್ಟಿನಲ್ಲಿ ಆಡಿದ ಮಾತು. ದಾನಮ್ಮ ಅದನ್ನು ಅಪ್ಪಣೆಯೆಂದೇ ತೆಗೆದುಕೊಂಡಳು. ಇದೇ ಅವಳ ತಪ್ಪು, ಅಥವಾ ಪುಣ್ಯ. ನನಗೂ ಸರಿಯಾಗಿ ತಿಳಿಯದು. ಬಸ್ಸಿನಲ್ಲಿ ಬರುವಾಗ ಭಕ್ತಿಯ ಮನೆಯ ಹಿತ್ತಿಲೇ ಅವಳ ಕಣ್ಣ ಮುಂದೆ ನಿಂತಿತ್ತು. ಇಪ್ಪತ್ತು ಹೆಜ್ಜೆ ಉದ್ದ, ಎಂಟು ಹೆಜ್ಜೆ ಅಗಲದ ಬರಿಯ ಮಣ್ಣಿನ ಜಾಗ, ನಡುವೆ ನೆಟ್ಟಿನ ಹಾಗೆ ಅಡ್ಡಲಾಗಿ ಬಟ್ಟೆ ಒಣಹಾಕುವ ತಂತಿ.

ಮಣ್ಣು ಎತ್ತುವ ದಿನ ದಾನಮ್ಮ ಕೆಲಸಗಾರರಿಗಿಂತ ಮೊದಲು ಬಂದು, ಗೀರು ಬೀಳುತ್ತಿದ್ದ ತುದಿಯ ಮೇಲ್ಮಣ್ಣನ್ನು ತಾನೇ ಕೆರೆದು ಚೀಲ ತುಂಬಿದಳು. ಮಕರಂದ ದೂರ ನಿಂತು ನೋಡಿದ.

"ಒಯ್ಯಿ ದಾನಮ್ಮ," ಎಂದ. "ಎಲ್ಲಿಗೆ ಅಂತ ನಾ ಕೇಳಂಗಿಲ್ಲ."

ಹದಿನಾಲ್ಕು ಚೀಲ. ಖಾದರ ತನ್ನ ಅಳಿಯ ಕಲೀಮನ ಟೆಂಪೊ ಕೊಡಿಸಿದ, ತಾನೂ ಕೂತು ಭಾಲ್ಕಿಗೆ ಬಂದ. ಪೆಟ್ಟಿಗೆಯಲ್ಲಿದ್ದ ಬೂಟುಗಳನ್ನೂ ತಂದು ಜಾನಕಿಬಾಯಿಯ ಮುಂದಿಟ್ಟ. ದಾನಮ್ಮನೂ ಅವನೂ ಸೇರಿ ಹಿತ್ತಿಲಲ್ಲಿ ಮಣ್ಣು ಹಾಸಿ, ನೀರು ಹೊಡೆದು, ದಿಮ್ಮಿಯಿಂದ ತಟ್ಟಿ ಗಟ್ಟಿ ಮಾಡಿದರು. ಅವ್ವನ ಸಮಾಧಾನಕ್ಕೆ ಏನಾದರೂ ಮಾಡಿಕೊಳ್ಳಲಿ ಎಂದು ಭಕ್ತಿ ಸುಮ್ಮನಿದ್ದಳು. ಹೊತ್ತು ಇಳಿಯುವಾಗ ದಾನಮ್ಮ ಮೂಲೆಯಿಂದ ಸಾರಿಸುತ್ತ ಹಿಂದೆ ಹಿಂದೆ ಬಂದು, ಹಿತ್ತಿಲ ಬಾಗಿಲ ಹೊಸ್ತಿಲ ಮೇಲೆ ಕೂತು ಕಡೆಯ ಮೊಳ ಬಳಿದಳು.

ಮರುದಿನ ಬೆಳಿಗ್ಗೆ ಏನೂ ಇರಲಿಲ್ಲ. ಜಾನಕಿಬಾಯಿ ಬಾಗಿಲಲ್ಲಿ ನಿಂತು ನೋಡಿ, ಗೋಡೆ ಹಿಡಿದು ಒಳಗೆ ಹೋದರು. ಅವರ ಆ ಮುಖ ನೋಡಿ ದಾನಮ್ಮನಿಗೆ ಸತ್ತವರ ಮೇಲೆ ಸಿಟ್ಟು ಬಂತು.

ಎಂಟು ದಿನ ಬಿಟ್ಟು ಮತ್ತೆ ಬಂದು ಸಾರಿಸಿದಳು. ಬೆಳಿಗ್ಗೆ ಬಾಗಿಲು ತೆಗೆದರೆ, ಆಚೆಯ ಗೋಡೆಯ ಹತ್ತಿರ ಗೀರು. ಒಳಗೆ ಮೂರು ಗೆರೆ. ತುದಿ ತಂತಿಯ ಕಡೆಗೆ, ಅಂದರೆ ಮನೆಯ ಬಾಗಿಲ ಕಡೆಗೆ ಮುಖ ಮಾಡಿತ್ತು. ಜಾನಕಿಬಾಯಿ ಹೊಸ್ತಿಲ ಮೇಲೆ ಕೂತು, ಸೆರಗು ಬಾಯಿಗೆ ಒತ್ತಿಕೊಂಡು, ಎಷ್ಟೋ ಹೊತ್ತು ಅತ್ತರು. "ಈಗ ನೆನಪಾತೇನು ಮನಿ?" ಎಂದು ಆ ಗೀರಿಗೆ ಬೈದರು. ಆ ದಿನ ಅವರು ಎರಡು ರೊಟ್ಟಿ ಹೆಚ್ಚು ಉಂಡರೆಂದು ಭಕ್ತಿ ಹೇಳಿದಳು. ದಾನಮ್ಮ ತಾನು ಮಾಡಬೇಕಾದದ್ದು ಮಾಡಿದೆ ಎಂದು ಹಗುರಾಗಿ ಬೀದರಕ್ಕೆ ಮರಳಿದಳು. ಅಲ್ಲಿ ಕೋರ್ಟಿಗೆ ಡಾಂಬರು ಬಿದ್ದು ವಾಸನೆ ಹೊಡೆಯುತ್ತಿತ್ತು. ಮಕರಂದ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, "ಅಲ್ಲಿ ಬಂದಾರೇನು?" ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಅವನು ನಿಟ್ಟುಸಿರುಬಿಟ್ಟು ಕೆಲಸಗಾರರ ಕಡೆ ಹೋದ.

ಮೂರನೆಯ ಸಾರಣೆ ಮೇ ತಿಂಗಳ ಕೊನೆಗೆ. ರಾತ್ರಿ ಭಕ್ತಿಯ ಮನೆಯಲ್ಲೇ ಮಲಗಿದ ದಾನಮ್ಮ ಬೆಳಕು ಹರಿಯುತ್ತಲೇ ಹಿತ್ತಿಲ ಬಾಗಿಲಿಗೆ ಬಂದಳು. ಭಕ್ತಿ ಹಾಕಿದ ಅಗುಳಿ ಹಾಕಿದಂತೆಯೇ ಇತ್ತು. ತೆಗೆದು ನೋಡಿದಳು. ಆಚೆಯ ತುದಿಯಲ್ಲಿ ಹತ್ತು ಹನ್ನೆರಡು ಗೀರು. ತಂತಿಯ ಈಚೆಗೆ, ಕೋರ್ಟಿನಲ್ಲಿ ಇಷ್ಟು ತಿಂಗಳು ಖಾಲಿಯೇ ಇರುತ್ತಿದ್ದ ಎದುರಾಳಿಯ ಅರ್ಧದಲ್ಲಿ, ಬರಿಗಾಲಿನ ಹೆಜ್ಜೆ.

ಹೆಂಗಸಿನ ಹೆಜ್ಜೆ. ಒಂದಕ್ಕೂ ಇನ್ನೊಂದಕ್ಕೂ ಎರಡು ಮೊಳಕ್ಕಿಂತ ಹೆಚ್ಚು ಅಂತರ, ಮುಂಗಾಲು ಆಳವಾಗಿ ಊರಿ, ಮಣ್ಣು ಹಿಂದಕ್ಕೆ ಚಿಮ್ಮಿತ್ತು. ನಡೆದ ಹೆಜ್ಜೆಯಲ್ಲ, ಓಡಿದ್ದು. ಎಡಕ್ಕೆ ಓಡಿ, ಬಲಕ್ಕೆ ಓಡಿ, ತಂತಿಯವರೆಗೆ ನುಗ್ಗಿ, ಒಂದು ಕಡೆ ಉದ್ದಕ್ಕೆ ಜಾರಿದ ಗುರುತೂ ಇತ್ತು. ದಾನಮ್ಮ ಬಗ್ಗಿದಳು. ಬಲಗಾಲಿನ ಎರಡನೆಯ ಬೆರಳು ಹೆಬ್ಬೆರಳಿನ ಮೇಲೆ ಹತ್ತಿತ್ತು.

ಒಳಗೆ ಓಡಿದಳು. ಜಾನಕಿಬಾಯಿ ಮಂಚದ ಮೇಲೆ ಮಲಗಿದ್ದರು. ಉಸಿರಾಡುತ್ತಿದ್ದರು. ಹೊದಿಕೆಯ ತುದಿ ಮೆಲ್ಲಗೆ ಎತ್ತಿದಳು. ಎರಡೂ ಅಂಗಾಲು ಕೆಂಪು, ಬೆರಳ ಸಂದಿನಲ್ಲಿ ಹಸಿ ಸಗಣಿ.

ತಾನೇನು ಮಾಡಿದೆನೆಂದು ದಾನಮ್ಮನಿಗೆ ಆಗ ತಿಳಿಯಿತು. ಅಷ್ಟು ತಿಂಗಳು ಎದುರಿಗೆ ಆಡುವವರನ್ನು ಕಾಯುತ್ತಿದ್ದವರನ್ನು ತಂದು ಈ ಹೆಂಗಸಿನ ಬಾಗಿಲಲ್ಲೇ ನಿಲ್ಲಿಸಿದವಳು ತಾನು. ಇಂದು ಆಟಕ್ಕೆ ಕರೆದವರು ನಾಳೆ ಜೊತೆಗೇ ಕರೆದುಕೊಂಡು ಹೋಗುವುದಿಲ್ಲವೆಂದು ಯಾವ ಭರವಸೆ? ಮೂಲೆಯಲ್ಲಿದ್ದ ಗುದ್ದಲಿ ತೆಗೆದುಕೊಂಡು ಹಿತ್ತಿಲಿಗಿಳಿದಳು. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ತಾನೇ ಸಾರಿಸಿದ ನೆಲವನ್ನು ಕೆಡಿಸಲು ಮುಂದಕ್ಕೆ ಹೆಜ್ಜೆಯಿಟ್ಟು, ಗುದ್ದಲಿ ಎತ್ತಿದಳು.

"ಏನ್ ಮಾಡ್ಲಿಕತ್ತಿ?"

ಜಾನಕಿಬಾಯಿ ಬಾಗಿಲಲ್ಲಿ ನಿಂತಿದ್ದರು. ಗೋಡೆ ಹಿಡಿದಿರಲಿಲ್ಲ.

"ಅಗೀತೇನ್ರಿ ವೈನಿ. ನಿಮ್ಮ ಕಾಲು ನೋಡಿಕೊಳ್ರಿ. ಇದು ಚಲೋ ಅಲ್ರಿ. ನಿಮಗ ಕರೀಲಿಕ್ಕೆ ಬಂದಾರ ಅವರು."

ಜಾನಕಿಬಾಯಿ ಒಂದು ಕಾಲೆತ್ತಿ ಅಂಗಾಲು ನೋಡಿಕೊಂಡರು, ಆಮೇಲೆ ಇನ್ನೊಂದು. ಹೆದರಲಿಲ್ಲ. ಮುಖದ ಮೇಲೆ ನಾಚಿಕೆ ಬಂತು, ಲಗ್ನವಾದ ಹೊಸದರ ಹುಡುಗಿಯ ನಾಚಿಕೆ. ಹೊಸ್ತಿಲು ದಾಟಿ ಬಂದು ದಾನಮ್ಮನ ಕೈಯಿಂದ ಗುದ್ದಲಿ ತೆಗೆದು ಗೋಡೆಗೆ ಒರಗಿಸಿದರು.

"ಮಳಿ ಬರೋ ಮೊದಲ ಇನ್ನೊಂದು ಸಲ ಸಾರಿಸಿ ಕೊಡು ದಾನಮ್ಮ," ಎಂದರು. "ನಾ ಇನ್ನ ಒಂದೂ ಗೇಮ್ ಗೆದ್ದಿಲ್ಲ."

ದಾನಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಸಗಣಿ ಬುಟ್ಟಿ ಎತ್ತಿಕೊಂಡು, ಆಚೆಯ ಮೂಲೆಗೆ ಹೋದಳು.